ಬಂದರಿನ ಹೂಳು ಕೆರೆಯ ಹೂಳಲ್ಲ

ಹಡಗು ಮತ್ತು ದೋಣಿಗಳ ತಳಕ್ಕೆ ಚಿಪ್ಪುಜೀವಿಗಳೂ ಪಾಚಿಯೂ ಅಂಟದಿರಲೆಂದು ಬಳಿಯುವ ವಿಷಬಣ್ಣ ಬಂದರಿನ ಕೆಸರಿಗೆ ಸೇರಿ ಏನಾಗುತ್ತದೆ ಎಂಬುದನ್ನು ಪರೀಕ್ಷಿಸುವುದೇ ನನ್ನ ವೃತ್ತಿಯಾಗಿತ್ತು. ಈಗ ಕಲಬುರಗಿಯಲ್ಲಿ ನೆಲೆಸಿದ್ದರೂ ಈ ವಿಷಯದ ಪತ್ರಗಳು ನಿಂತಿಲ್ಲ. ನಮ್ಮ ಭಾಗದ ಹುಡುಗರು ಮಲ್ಪೆ, ಮಂಗಳೂರುಗಳಿಗೆ ದೋಣಿ ಕೆಲಸಕ್ಕೆ ಹೋಗುವುದೇ ಅದಕ್ಕೆ ಕಾರಣ. ಒಂದೇ ತಪ್ಪು ತಿಳಿವಳಿಕೆ ಪತ್ರದಿಂದ ಪತ್ರಕ್ಕೆ ಮರಳಿ ಬರುತ್ತಿರುವುದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ಅನೇಕ ಕೆರೆಗಳ ಹೂಳೆತ್ತಿಸಿ ರೈತರ ಹೊಲಗಳಿಗೆ ಹಾಕಿಸಿದ್ದೇನೆ. ತವರದ ವಿಷಬಣ್ಣಕ್ಕೆ ನಿಷೇಧ ಬಂದು ಬಹಳ ವರ್ಷಗಳಾಗಿವೆ. ಇನ್ನೂ ವಿಷ ಉಳಿದಿದ್ದರೆ ಬಂದರಿನ ಹೂಳನ್ನೆಲ್ಲ ಒಮ್ಮೆಗೇ ಎತ್ತಿಬಿಡಬಾರದೇಕೆ? (ಕಲಬುರಗಿ)

ಉತ್ತರ: ಎತ್ತಬಾರದು, ಪರೀಕ್ಷಿಸದೆ ಒಂದು ಬುಟ್ಟಿಯನ್ನೂ ಎತ್ತಬಾರದು. ಕೆರೆಯ ಹೂಳು ಸುತ್ತಲಿನ ಹೊಲಗಳಿಂದಲೇ ಕೊಚ್ಚಿ ಬಂದ ಮಣ್ಣು, ಅದನ್ನು ಮರಳಿ ಹೊಲಕ್ಕೆ ಹಾಕಿದರೆ ಬಂದಲ್ಲಿಗೆ ಹೋಗುತ್ತದೆ. ಬಂದರಿನ ಹೂಳು ಹಾಗಲ್ಲ. ಅಲ್ಲಿ ದೋಣಿ ಕಟ್ಟುವ, ಕೆರೆಯುವ, ಬಣ್ಣ ಬಳಿಯುವ ಜಾಗಗಳ ಕಸವೆಲ್ಲ ದಶಕಗಳಿಂದ ಪದರ ಪದರವಾಗಿ ಕುಳಿತಿರುತ್ತದೆ.

ನೀವು ಹೇಳುವ ತವರದ ಬಣ್ಣದಲ್ಲಿರುವ ವಿಷದ ಹೆಸರು ಟ್ರಿಬ್ಯುಟೈಲ್ ಟಿನ್. ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕಣೆ ಕುಸಿದುಬಿದ್ದು, ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟಿದ ಮೇಲೆ ಆ ದೇಶ 1982ರಲ್ಲಿ ಸಣ್ಣ ದೋಣಿಗಳ ಮೇಲೆ ಅದರ ಬಳಕೆಯನ್ನು ನಿರ್ಬಂಧಿಸಿತು. ಒಂದು ಲೀಟರ್ ನೀರಿನಲ್ಲಿ ಒಂದು ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೂ ಕೆಲವು ಜಾತಿಯ ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗ ಬೆಳೆಯುತ್ತದೆ, ವಿಷ ಹೆಚ್ಚಿದಲ್ಲಿ ಸಂತಾನವೇ ನಿಂತುಹೋಗುತ್ತದೆ. ಈ ವಿಕಾರ ನಮ್ಮ ಗೋವಾ ಕರಾವಳಿಯಲ್ಲಿಯೂ ಕಂಡಿದೆ. ಈ ವಿಷವನ್ನು ಹಡಗುಗಳಿಂದ ದೂರವಿಡುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು.

ಆದರೆ ನಿಷೇಧ ಜಾರಿಯಾಗುವುದು ಹಡಗಿನ ಮೇಲೆ, ಕೆಸರಿನ ಮೇಲಲ್ಲ. ಬೆಳಕೂ ಗಾಳಿಯೂ ಇರುವ ನೀರಿನಲ್ಲಿ ಈ ವಿಷ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಒಡೆದು ಕ್ಷೀಣಿಸುತ್ತದೆ. ಆಮ್ಲಜನಕವಿಲ್ಲದ ಕಪ್ಪು ಕೆಸರಿನೊಳಗೆ ಅದೇ ಕ್ರಿಯೆಗೆ ವರ್ಷಗಳು, ಕೆಲವೊಮ್ಮೆ ದಶಕಗಳೇ ಬೇಕಾಗುತ್ತವೆ. ತವರಕ್ಕೆ ಬದಲಾಗಿ ಬಂದ ಬಣ್ಣಗಳಲ್ಲಿ ಮುಖ್ಯವಾಗಿರುವುದು ತಾಮ್ರದ ಆಕ್ಸೈಡ್, ಅದರ ಜೊತೆಗೆ ಡೈಯುರಾನ್, ಪೈರಿಥಿಯೋನ್‌ನಂಥ ಸಹಾಯಕ ವಿಷಗಳು. ಇವುಗಳಲ್ಲೊಂದಾದ ಸೈಬುಟ್ರಿನ್ ಪಾಚಿ ಮತ್ತು ಕಡಲಹುಲ್ಲಿನ ದ್ಯುತಿಸಂಶ್ಲೇಷಣೆಯನ್ನೇ ತಡೆಯುವುದರಿಂದ 2023ರಿಂದ ಅದನ್ನೂ ನಿಷೇಧಿಸಿದ್ದಾರೆ. ತಾಮ್ರವಂತೂ ಮೂಲಧಾತು, ಅದು ಒಡೆಯುವ ಮಾತೇ ಇಲ್ಲ.

ಈಗ ಹೂಳೆತ್ತುವ ವಿಷಯ. ಕೊಳೆತ ಮೊಟ್ಟೆಯ ವಾಸನೆ ಬರುವ ಆ ಕಪ್ಪು ಕೆಸರಿನಲ್ಲಿ ತಾಮ್ರವು ಗಂಧಕದೊಂದಿಗೆ ಸೇರಿ ಸಲ್ಫೈಡ್ ಆಗಿ ಬಿಗಿಯಾಗಿ ಕುಳಿತಿರುತ್ತದೆ, ಹಾಗಿರುವಷ್ಟು ಕಾಲ ಜೀವಿಗಳಿಗೆ ಅದು ಬಹುಮಟ್ಟಿಗೆ ಎಟುಕುವುದಿಲ್ಲ. ಯಂತ್ರ ಇಳಿಸಿ ಕದಡಿದೊಡನೆ ಕೆಸರಿಗೆ ಗಾಳಿ ತಾಗುತ್ತದೆ, ಸಲ್ಫೈಡ್ ಉತ್ಕರ್ಷಣಗೊಳ್ಳುತ್ತದೆ, ಕಟ್ಟಿಹಾಕಿದ್ದ ತಾಮ್ರ ನೀರಿಗೆ ಬಿಡುಗಡೆಯಾಗುತ್ತದೆ. ಅಷ್ಟೇ ಅಲ್ಲ, ಹೊಸ ಹೂಳು ಮುಚ್ಚಿದ್ದ ಹಳೆಯ ತವರದ ಪದರವೂ ಮೇಲಕ್ಕೆ ಬರುತ್ತದೆ. ಹಾಗೆಂದು ಮುಟ್ಟದೆ ಬಿಟ್ಟರೆ ಎಲ್ಲವೂ ಸರಿಯೆಂದಲ್ಲ. ಆಳ ಕಡಿಮೆಯಿರುವಲ್ಲಿ ದೋಣಿಗಳ ಪ್ರೊಪೆಲ್ಲರ್‌ಗಳೇ ದಿನವೂ ಕೆಸರನ್ನು ಕದಡುತ್ತವೆ, ಬಂದರು ನಡೆಯಬೇಕಾದರೆ ಹೂಳೆತ್ತಲೇಬೇಕಾಗುತ್ತದೆ. ಆಗ ಮಾಡಬೇಕಾದದ್ದು ಇದು: ಬಂದರನ್ನು ಚೌಕಗಳಾಗಿ ವಿಂಗಡಿಸಿ, ಕೊಳವೆ ಇಳಿಸಿ ಪದರಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಕೆಟ್ಟ ಹೂಳನ್ನು ಒಳ್ಳೆಯದರೊಂದಿಗೆ ಬೆರೆಸದೆ, ಸೋರದ ಮುಚ್ಚಿದ ಬಕೆಟ್ಟಿನಲ್ಲಿ ಎತ್ತಿ, ತಳಕ್ಕೆ ಭದ್ರ ಹೊದಿಕೆಯಿರುವ ಗುಂಡಿಯಲ್ಲಿ ಇಡಬೇಕು. ಹೊಲಕ್ಕಂತೂ ಹಾಕಲೇಬಾರದು, ಉಪ್ಪೊಂದೇ ಸಾಕು ನಮ್ಮ ಎರೆಮಣ್ಣನ್ನು ಕೆಡಿಸಲು.

ಒಂದು ಬಕೆಟ್ ಮಣ್ಣು ಪರೀಕ್ಷಿಸಿ ಬಂದರು ಶುದ್ಧವಾಗಿದೆಯೆಂದು ಪತ್ರ ಕೊಡುವವರನ್ನು ನಾನು ಕ್ಷಮಿಸಲಾರೆ. ಈ ವಿಷ ಕೆಸರಿನಲ್ಲಿ ಸಮನಾಗಿ ಹರಡಿರುವುದಿಲ್ಲ, ಅದರಲ್ಲಿ ಬಹುಪಾಲು ಬಣ್ಣದ ಚಕ್ಕೆಗಳಲ್ಲಿ ಅಡಗಿರುತ್ತದೆ. ಉಗುರಿನ ತುದಿಯಷ್ಟು ಚಕ್ಕೆ ಮಾದರಿಯಲ್ಲಿ ಸಿಕ್ಕರೆ ಅಂಕಿ ಆಕಾಶಕ್ಕೇರುತ್ತದೆ, ಸಿಗದಿದ್ದರೆ ಏನೂ ಇಲ್ಲವೆಂದು ಕಾಣುತ್ತದೆ. ನಾನೇ ಆರಂಭದ ವರ್ಷಗಳಲ್ಲಿ ಒಂದೇ ಜಾಗದ ಎರಡು ಮಾದರಿಗಳಿಗೆ ಅಜಗಜಾಂತರದ ಅಂಕಿ ಬಂದಾಗ ಉಪಕರಣ ಕೆಟ್ಟಿದೆಯೆಂದು ಭಾವಿಸಿದ್ದೆ. ಮಣ್ಣನ್ನು ಜರಡಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಕೆಂಪು ಚಕ್ಕೆಗಳು ಕಂಡವು. ಅಂದಿನಿಂದ ಚಕ್ಕೆಗಳನ್ನು ಬೇರ್ಪಡಿಸಿ ಎಣಿಸದ ಯಾವ ವರದಿಯನ್ನೂ ನಾನು ನಂಬಿಲ್ಲ.

ಪ್ರಶ್ನೆ: ನನ್ನ ತಮ್ಮ ಮಳೆಗಾಲದಲ್ಲಿ ಮಲ್ಪೆಯಲ್ಲಿ ದೋಣಿ ತಳದ ಹಳೆಯ ಬಣ್ಣ ಕೆರೆಯುವ ಕೆಲಸ ಮಾಡುತ್ತಾನೆ. ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಎನ್ನುತ್ತಾರೆ, ನಿಜವೇ? (ಸುರಪುರ)

ಉತ್ತರ: ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಈ ಮಾತನ್ನು ನಂಬಿ ಮೂಗು ತೆರೆದಿಟ್ಟು ದುಡಿದವರನ್ನು ನೋಡಿ ನನಗೆ ಸಂಕಟವಾಗಿದೆ. ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳೇ ದೋಣಿಗಳನ್ನು ದಡಕ್ಕೆಳೆದು ಕೆರೆಯುವ ಕಾಲ. ನಿಮ್ಮ ತಮ್ಮನಿಗೆ ಹೇಳಿ: ಒಣಗಿದ ಬಣ್ಣವನ್ನು ಯಂತ್ರದಿಂದ ಉಜ್ಜಬಾರದು, ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಧೂಳು ಸೋಸುವ ಮುಖಗವಸು, ಕೈಗವಸು, ಕನ್ನಡಕ ಬೇಕು. ದೋಣಿಯ ಕೆಳಗೆ ತಾಡಪತ್ರಿ ಹಾಸಿ, ಉದುರಿದ್ದನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಬೇಕು. ನೀರಿಗೆ ತಳ್ಳಿದ ಚಕ್ಕೆಯೇ ನಾನು ಮೇಲೆ ಹೇಳಿದ ಚಕ್ಕೆ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬಾರದು. ಮಾಲೀಕರು ಇವುಗಳನ್ನು ಕೊಡದಿದ್ದರೆ ಆ ಕೆಲಸವನ್ನು ಬಿಡಬೇಕೆಂಬುದೇ ನನ್ನ ಸಲಹೆ. ಇದು ಅತಿಯಾದ ಎಚ್ಚರಿಕೆಯೆಂದು ಹಲವರು ಹೇಳಿದ್ದಾರೆ, ಆದರೂ ನಾನು ಬದಲಿಸುವುದಿಲ್ಲ.

ಪ್ರಶ್ನೆ: ತಾಮ್ರದ ಚೊಂಬಿನ ನೀರು ಔಷಧಿ ಎನ್ನುತ್ತಾರೆ. ಅದೇ ತಾಮ್ರ ಸಮುದ್ರದಲ್ಲಿ ವಿಷ ಹೇಗಾಗುತ್ತದೆ? (ಬೀದರ್)

ಉತ್ತರ: ನೀವು ಸಿಂಪಿಯ ಮರಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಂಪಿಯ ಮರಿಗಳು ಅದರ ನೂರರಲ್ಲೊಂದು ಪಾಲಿಗೇ ನಲುಗುತ್ತವೆ.

ಪ್ರಶ್ನೆ: ಬಂದರಿನ ಹೂಳಿನ ಲೋಹಗಳನ್ನೆಲ್ಲ ತಿಂದುಹಾಕುವ ಸೂಕ್ಷ್ಮಾಣು ಪುಡಿಯ ಏಜೆನ್ಸಿ ಕೊಡುವುದಾಗಿ ಒಬ್ಬರು ಮುಂಗಡ ಕೇಳುತ್ತಿದ್ದಾರೆ. ಹಣ ಹಾಕಬಹುದೇ? (ಕಲಬುರಗಿ)

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲಧಾತುವನ್ನು ತಿಂದು ಇಲ್ಲವಾಗಿಸುವ ಜೀವಿ ಭೂಮಿಯ ಮೇಲಿಲ್ಲ, ಅದನ್ನು ಮಾರುವವರು ವಂಚಕರು.

ಪ್ರಶ್ನೆ: ಮಂಗಳೂರಿನಿಂದ ಉಳಿದ ದೋಣಿ ಬಣ್ಣ ತಂದಿದ್ದೇವೆ. ನಾರಾಯಣಪುರ ಜಲಾಶಯದಲ್ಲಿ ಬಳಸುವ ಹರಿಗೋಲಿಗೆ ಡಾಂಬರಿನ ಬದಲು ಬಳಿಯಬಹುದೇ? (ಯಾದಗಿರಿ)

ಉತ್ತರ: ಖಂಡಿತ ಬೇಡ. ಸಮುದ್ರದಲ್ಲಿ ದೋಣಿಗೆ ಅಂಟುವ ಬಾರ್ನಕಲ್ ಎಂಬ ಚಿಪ್ಪುಜೀವಿ ಕೃಷ್ಣೆಯ ಸಿಹಿನೀರಿನಲ್ಲಿ ಬದುಕುವುದೇ ಇಲ್ಲ, ಜನ ಕುಡಿಯುವ ನೀರಿಗೆ ವಿಷವಷ್ಟೇ ಸೇರುತ್ತದೆ. ಡಬ್ಬಿಯ ಮುಚ್ಚಳ ಬಿಗಿದು, ಕೊಟ್ಟವರಿಗೇ ಹಿಂದಿರುಗಿಸಿ.