ಪರೀಕ್ಷೆ ‘ಪಾಸ್’, ಸರ್ವರ್ ಮಾತ್ರ ರೀಸ್ಟಾರ್ಟ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಟ್ಯಾಲಿ, ಬಿಲ್ಲಿಂಗ್ ಎಲ್ಲ ಒಂದೇ ಟವರ್ ಸರ್ವರ್ ಮೇಲೆ. ಫೆಬ್ರುವರಿಯಿಂದ ಅದು ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಅದರಲ್ಲೂ ಮಾರುಕಟ್ಟೆಯ ಟೆಂಡರ್ (ಹರಾಜು) ದಿನ. ಮುಂದಿನ ನೀಲಿ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಡಯಾಗ್ನೋಸ್ಟಿಕ್ಸ್ ಓಡಿಸಿದರೆ ಎಲ್ಲವೂ ‘ಪಾಸ್’. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ ಅಂತಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ನಿಮ್ಮ ತೊಂದರೆ ಬರುವುದು ಸೆಕೆ ಮತ್ತು ಕೆಲಸ ಎರಡೂ ಏರಿದಾಗ. ಪರೀಕ್ಷೆ ನಡೆದದ್ದು ಎರಡೂ ಇಲ್ಲದ ಹೊತ್ತಿನಲ್ಲಿ. ತಣ್ಣಗಿರುವ ಮಷಿನ್ ಕೊಟ್ಟ ‘ಪಾಸ್’ ಅನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಪರೀಕ್ಷೆಯನ್ನು ಸರ್ವರ್ ಮೂರ್ನಾಲ್ಕು ತಾಸು ದುಡಿದ ಮೇಲೆ, ಮಧ್ಯಾಹ್ನವೇ ಓಡಿಸಬೇಕು. ಅದಕ್ಕೂ ಮೊದಲು ಟ್ಯಾಲಿ ಡೇಟಾವನ್ನು ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆದು, ಆ ಡಿಸ್ಕನ್ನು ಸರ್ವರ್‌ನಿಂದ ಬಿಚ್ಚಿಡಿ.

ಎರಡನೆಯ ಕೆಲಸ ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಾಖಲೆ ಓದುವುದು. ಕಿತ್ತಳೆ ದೀಪ ಸುಮ್ಮಸುಮ್ಮನೆ ಹತ್ತುವುದಿಲ್ಲ. ಮದರ್‌ಬೋರ್ಡಿನ ಮೇಲೆ ನಿಗಾ ಇಡುವುದಕ್ಕೇ ಒಂದು ಪ್ರತ್ಯೇಕ ಚಿಪ್ ಇರುತ್ತದೆ. ಡೆಲ್‌ನಲ್ಲಿ ಐಡ್ರಾಕ್, ಎಚ್‌ಪಿಇಯಲ್ಲಿ ಐಎಲ್‌ಒ, ಉಳಿದವುಗಳಲ್ಲಿ ಬಿಎಂಸಿ. ಶಾಖ, ಫ್ಯಾನ್, ವೋಲ್ಟೇಜ್, ಮೆಮೊರಿ, ಇವುಗಳಲ್ಲಿ ಯಾವುದು ಮಿತಿ ದಾಟಿದರೂ ಅದು ಸಮಯದ ಸಮೇತ ಬರೆದಿಡುತ್ತದೆ. ಡೆಲ್ ಆದರೆ ಆನ್ ಆಗುವಾಗ ಎಫ್10 ಒತ್ತಿ ಲೈಫ್‌ಸೈಕಲ್ ಲಾಗ್ ತೆಗೆಯಿರಿ. ಎಚ್‌ಪಿಇ ಆದರೆ ಐಎಲ್‌ಒ ಪುಟದಲ್ಲಿ ಐಎಂಎಲ್ ಎಂಬ ಪಟ್ಟಿ ಇದೆ. ಮೊಬೈಲಿನಲ್ಲಾದರೂ ಫೋಟೊ ತೆಗೆದಿಟ್ಟುಕೊಳ್ಳಿ. ದೀಪ ಆರಿಸಲೆಂದು ಲಾಗ್ ಅಳಿಸಿಬಿಡುವ ಚಾಳಿ ಕೆಲ ರಿಪೇರಿಯವರಿಗಿದೆ. ಅಳಿಸಿದರೆ ಇದ್ದ ಸಾಕ್ಷಿಯೂ ಹೋಯಿತು. ಲಾಗ್‌ನ ಗಡಿಯಾರ ಸರಿಯಿದೆಯೇ ಎಂದೂ ನೋಡಿ. ಬೋರ್ಡಿನ ಮೇಲಿನ ಸಿಆರ್2032 ಸೆಲ್ 3 ವೋಲ್ಟಿನದು. ಅದು ಸೋತಿದ್ದರೆ ತಾರೀಕೇ ತಪ್ಪಿರುತ್ತದೆ.

ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಸಿಸ್ಟಮ್’ ತೆರೆದು ‘ಕರ್ನಲ್-ಪವರ್ 41’ ಹುಡುಕಿ. ಸರಿಯಾಗಿ ಶಟ್‌ಡೌನ್ ಆಗದೆ ಮಷಿನ್ ಮತ್ತೆ ಶುರುವಾಗಿದೆ ಎಂಬುದಷ್ಟೇ ಅದರ ಅರ್ಥ, ಕಾರಣ ಅದರಲ್ಲಿಲ್ಲ. ಒಳಗಿನ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ನೀಲಿ ಪರದೆಯ (ವಿಂಡೋಸ್ ಕ್ರ್ಯಾಶ್ ಆದಾಗ ಬರುವುದು) ವಿವರ ದಾಖಲಾಗಿಲ್ಲ. ಕರೆಂಟ್ ಕಡಿದಿದೆ ಅಥವಾ ಮಷಿನ್ ಸೆಟೆದು ನಿಂತಿದೆ. ಅಕ್ಕಪಕ್ಕದಲ್ಲಿ ‘ವೀಯಾ-ಲಾಗರ್’ (WHEA-Logger) ಹೆಸರಿನ ದಾಖಲೆ ಇದ್ದರೆ ಪ್ರೊಸೆಸರ್, ಮೆಮೊರಿ ಕಡೆ ಗಮನ ಕೊಡಿ.

ಕರೆಂಟೋ ಕ್ರ್ಯಾಶೋ ಎಂದು ಬೇರ್ಪಡಿಸಲು ಖರ್ಚಿಲ್ಲದ ಉಪಾಯ ಒಂದಿದೆ. ಬಯೋಸ್‌ನಲ್ಲಿ (ಮಷಿನ್ ಆನ್ ಆಗುವಾಗ ತೆರೆಯುವ ಸೆಟಿಂಗ್ಸ್) ‘ಎಸಿ ಪವರ್ ರಿಕವರಿ’ ಎಂಬ ಆಯ್ಕೆ ಇರುತ್ತದೆ. ಅದನ್ನು ತಾತ್ಕಾಲಿಕವಾಗಿ ‘ಆಫ್’ ಮಾಡಿ. ಮುಂದಿನ ಸಲ ಸರ್ವರ್ ಆರಿಯೇ ಉಳಿದರೆ ಕರೆಂಟ್ ತಪ್ಪಿದೆ ಎಂದು ಹಿಡಿಯಿರಿ (ಶಾಖ ಮಿತಿಮೀರಿ ತಾನೇ ಆಫ್ ಆಗಿದ್ದರೆ ಲಾಗ್ ಹೇಳುತ್ತದೆ). ಮತ್ತೆ ತಾನೇ ಎದ್ದರೆ ಯುಪಿಎಸ್ ತಪ್ಪಿಲ್ಲ. ಒಂದೇ ಪವರ್ ಸಪ್ಲೈ ಇರುವ ಟವರ್‌ನಲ್ಲಿ ಕರೆಂಟ್ ಹೋದರೆ ನಿಗಾ ಚಿಪ್ಪೂ ಜೊತೆಗೇ ಸಾಯುತ್ತದೆ, ಹಾಗಾಗಿ ಲಾಗ್‌ನಲ್ಲಿ ಆ ಹೊತ್ತಿಗೆ ಏನೂ ಇಲ್ಲದಿರುವುದೂ ಒಂದು ಸುಳಿವೇ.

ಟೆಂಡರ್ ದಿನ ಬಿಲ್ ಮೇಲೆ ಬಿಲ್ ಪ್ರಿಂಟ್ ಆಗುತ್ತಿರುತ್ತದೆ. ಲೇಸರ್ ಪ್ರಿಂಟರ್ ಅದೇ ಯುಪಿಎಸ್ ಮೇಲಿದೆಯೇ? ಅದರ ಫ್ಯೂಸರ್ (ಟೋನರ್ ಪುಡಿಯನ್ನು ಶಾಖದಿಂದ ಕಾಗದಕ್ಕೆ ಅಂಟಿಸುವ ಭಾಗ) ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ತಾಳುವುದಿಲ್ಲ. ಪ್ರಿಂಟರನ್ನು ನೇರ ಗೋಡೆಯ ಪ್ಲಗ್‌ಗೆ ಹಾಕಿ. ಡೇಟಾ ಬ್ಯಾಕಪ್ ಇರುವಾಗಲೇ, ಜನ ಕೆಲಸ ಮುಗಿಸಿದ ಮೇಲೆ, ಯುಪಿಎಸ್‌ನ ಇನ್‌ಪುಟ್ ಆರಿಸಿ ಎಷ್ಟು ನಿಮಿಷ ಹಿಡಿಯುತ್ತದೆ ನೋಡಿ. ಆರಿಸಿದ ಕ್ಷಣವೇ ಸರ್ವರ್ ಬಿದ್ದರೆ ಬ್ಯಾಟರಿ ಮುಗಿದಿದೆ.

ಇನ್ನು ಕಿತ್ತಳೆ ದೀಪ. ನಿಮ್ಮ ಊರು, ನಿಮ್ಮ ವ್ಯಾಪಾರ ನೋಡಿದರೆ ನಮ್ಮ ಮೊದಲ ಅನುಮಾನ ಶಾಖದ ಮೇಲೆ. ಐಡ್ರಾಕ್‌ನಲ್ಲಿ ‘ಇನ್‌ಲೆಟ್’ ಉಷ್ಣತೆ, ಅಂದರೆ ಮುಂಬದಿಯಿಂದ ಒಳಹೋಗುವ ಗಾಳಿಯ ಉಷ್ಣತೆ ಕಾಣುತ್ತದೆ. 18ರಿಂದ 27 ಡಿಗ್ರಿ ಒಳ್ಳೆಯದು. ಬಹುತೇಕ ಸರ್ವರ್‌ಗಳು 35ರ ತನಕ ಸಹಿಸುತ್ತವೆ. ಮಾರ್ಚ್ ಮಧ್ಯಾಹ್ನ ತಗಡಿನ ಕೆಳಗಿನ ಆಫೀಸಿನಲ್ಲಿ ಈ ಮಿತಿ ದಾಟುವುದಕ್ಕೆ ಹೊತ್ತು ಬೇಕಿಲ್ಲ.

ಇನ್‌ಲೆಟ್ ಸರಿಯಿದ್ದು ಪ್ರೊಸೆಸರ್ ಮಾತ್ರ ಕಾಯುತ್ತಿದ್ದರೆ ಮುಚ್ಚಳ ಬಿಚ್ಚಿ. ಮೇಲಿಂದ ನೋಡಿದರೆ ಹೀಟ್‌ಸಿಂಕ್ (ಪ್ರೊಸೆಸರ್‌ನ ಶಾಖ ಹೊರಹಾಕುವ ಲೋಹದ ಭಾಗ) ಚೊಕ್ಕಟವಾಗಿಯೇ ಕಾಣುತ್ತದೆ. ಫ್ಯಾನ್ ಅಥವಾ ಗಾಳಿಯ ಪ್ಲಾಸ್ಟಿಕ್ ಹೊದಿಕೆ ಎತ್ತಿ, ಅಲ್ಯೂಮಿನಿಯಂ ರೆಕ್ಕೆಗಳಿಗೆ ಗಾಳಿ ಬಡಿಯುವ ಅಂಚನ್ನು ಟಾರ್ಚ್ ಹಿಡಿದು ನೋಡಿ. ಮೆಣಸಿನ ಕೆಂಪು ಧೂಳು ಚೀಲದ ನೂಲೆಳೆಗಳ ಜೊತೆ ಸೇರಿ ಅಲ್ಲಿ ಕಂಬಳಿಯಂತೆ ಕೂತಿರುತ್ತದೆ. ಮಣ್ಣಿನ ಧೂಳಿನಂತೆ ಊದಿದರೆ ಹಾರುವುದಿಲ್ಲ, ಅಂಟಿಕೊಂಡಿರುತ್ತದೆ. ವೈರ್ ಕಿತ್ತು, ಕ್ಯಾಬಿನೆಟ್ಟನ್ನು ಅಂಗಡಿಯ ಹೊರಗೊಯ್ದು, ಮೆತ್ತನೆಯ ಬ್ರಷ್‌ನಿಂದ ಸಡಿಲಿಸಿ ಬ್ಲೋವರ್ ಹಿಡಿಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿಹಿಡಿಯಿರಿ. ಬ್ಲೋವರ್ ಗಾಳಿಗೆ ಅತಿವೇಗವಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಕಡ್ಡಾಯ, ಕಾರಣ ನಿಮಗೆ ಹೇಳಬೇಕಿಲ್ಲ. ಹೀಟ್‌ಸಿಂಕ್ ಕಳಚಿದರೆ ಮಾತ್ರ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಟೆಂಡರ್ ದಿನ ಕಾಯಿರಿ. ಯುಪಿಎಸ್, ಧೂಳು, ರ‍್ಯಾಮ್ ಎಲ್ಲಕ್ಕೂ ಒಟ್ಟಿಗೇ ಕೈಹಾಕಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಪ್ರಶ್ನೆ: ಗದಗಿನಲ್ಲಿ ನಮ್ಮ ಮುದ್ರಣಾಲಯವಿದೆ. ಸರ್ವರ್‌ನಲ್ಲಿ ನಾಲ್ಕು ಡಿಸ್ಕಿನ ರೇಡ್ 5 (ಡಿಸ್ಕ್‌ಗಳನ್ನು ಒಂದೇ ಗುಂಪಾಗಿ ಬಳಸುವ ವ್ಯವಸ್ಥೆ). ಎಲ್ಲ ದೀಪ ಹಸಿರು. ಆದರೂ ದೊಡ್ಡ ಫೈಲ್ ತೆರೆಯುವಾಗ ಕೆಲ ಸೆಕೆಂಡ್ ತಡೆದು ನಿಲ್ಲುತ್ತದೆ, ಸೇವ್ ಮಾಡುವುದೂ ಇತ್ತೀಚೆಗೆ ನಿಧಾನ.

ಉತ್ತರ: ಹಸಿರು ದೀಪ ಹೇಳುವುದು ಡಿಸ್ಕ್ ಇನ್ನೂ ಗುಂಪಿನಲ್ಲಿದೆ ಎಂಬುದನ್ನು ಮಾತ್ರ. ನಿಮ್ಮದು ಬಹುಶಃ ಎರಡು ಬೇರೆ ಬೇರೆ ತೊಂದರೆ. ಸೇವ್ ನಿಧಾನವಾಗಿದ್ದರೆ ರೇಡ್ ಕಾರ್ಡಿನ ಬ್ಯಾಟರಿ ನೋಡಿ. ಅದು ಸತ್ತರೆ ಕಾರ್ಡ್ ತಾನಾಗಿಯೇ ‘ರೈಟ್-ಬ್ಯಾಕ್’ (ಡೇಟಾವನ್ನು ಮೊದಲು ಕಾರ್ಡಿನ ಮೆಮೊರಿಯಲ್ಲಿಟ್ಟು ಆಮೇಲೆ ಡಿಸ್ಕಿಗೆ ಬರೆಯುವುದು) ಬಿಟ್ಟು ‘ರೈಟ್-ಥ್ರೂ’ಗೆ (ನೇರ ಡಿಸ್ಕಿಗೇ ಬರೆಯುವುದು) ಇಳಿಯುತ್ತದೆ, ಡೇಟಾ ಸುರಕ್ಷಿತ, ಆದರೆ ವೇಗ ಕುಸಿಯುತ್ತದೆ. ಬ್ಯಾಟರಿ ಬದಲಿಸದೆ ಬಲವಂತವಾಗಿ ರೈಟ್-ಬ್ಯಾಕ್ ಹಾಕಬೇಡಿ. ಕರೆಂಟ್ ಹೋದಾಗ ಕಾರ್ಡಿನ ಆ ಮೆಮೊರಿಯಲ್ಲಿ (ಕ್ಯಾಶ್) ಇದ್ದದ್ದೆಲ್ಲ ಹೋಗುತ್ತದೆ.

ಓದುವಾಗ ತಡೆಯುತ್ತಿದ್ದರೆ ರೇಡ್ ಕಾರ್ಡಿನ ಸಾಫ್ಟ್‌ವೇರ್‌ನಲ್ಲಿ ಪ್ರತಿ ಡಿಸ್ಕಿನ ‘ಮೀಡಿಯಾ ಎರರ್’ ಎಣಿಕೆ ನೋಡಿ. ಮೂರರಲ್ಲಿ ಸೊನ್ನೆ, ಒಂದರಲ್ಲಿ ಮಾತ್ರ ಏರುತ್ತಿದ್ದರೆ ಅಪರಾಧಿ ಸಿಕ್ಕಂತೆ. ಸಾಟಾ ಡಿಸ್ಕ್ ಆದರೆ ಸ್ಮಾರ್ಟ್ ಪಟ್ಟಿಯ (ಡಿಸ್ಕ್ ತನ್ನ ಆರೋಗ್ಯ ಬರೆದಿಡುವ ಪಟ್ಟಿ) 5, 197, 198ನೇ ಸಾಲುಗಳು ಡಿಸ್ಕಿನ ಮೇಲ್ಮೈ ಕೆಟ್ಟಿರುವುದನ್ನು ಹೇಳುತ್ತವೆ. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಕೇಬಲ್ ಬದಲಿಸಿ. ಡೆಸ್ಕ್‌ಟಾಪ್ ಡಿಸ್ಕ್ ಹಾಕಿದ್ದರೆ ಇನ್ನೊಂದು ತಾಪತ್ರಯ: ಕೆಟ್ಟ ಜಾಗ ಸಿಕ್ಕಾಗ ಅದು ಬಹಳ ಹೊತ್ತು ಹೆಣಗುತ್ತದೆ, ರೇಡ್‌ಗಾಗಿಯೇ ಮಾಡಿದ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡಿನಲ್ಲಿ ಕೈಬಿಡುತ್ತದೆ.

ಬ್ಯಾಕಪ್ ಆದಮೇಲೆಯೇ ಡಿಸ್ಕ್ ಕೀಳಿ. ರೇಡ್ 5 ಒಂದೇ ಡಿಸ್ಕಿನ ಸಾವು ತಾಳಿಕೊಳ್ಳುತ್ತದೆ, ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವುದು) ನಡುವೆ ಇನ್ನೊಂದು ಹೋದರೆ ಎಲ್ಲವೂ ಹೋಗುತ್ತದೆ. ಸಾಫ್ಟ್‌ವೇರ್‌ನ ‘ಲೊಕೇಟ್’ ಒತ್ತಿ, ಮಿನುಗುವ ದೀಪ ನೋಡಿಕೊಂಡು ಆ ಡಿಸ್ಕನ್ನೇ ಎಳೆಯಿರಿ. ಡಿಸ್ಕ್‌ಗಳ ಕ್ರಮಸಂಖ್ಯೆ ಸೊನ್ನೆಯಿಂದ ಶುರುವಾಗುವುದರಿಂದ ಪಕ್ಕದ ಒಳ್ಳೆಯ ಡಿಸ್ಕ್ ಕಿತ್ತವರು ಕಡಿಮೆಯಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕಾಲೇಜು ಲ್ಯಾಬಿಗೆ ಹಳೆಯ ಸರ್ವರ್ ಕೊಳ್ಳುತ್ತಿದ್ದೇವೆ. ರ‍್ಯಾಮ್ ಎಷ್ಟು ಹೊತ್ತು ಪರೀಕ್ಷಿಸಬೇಕು?

ಉತ್ತರ: ಮೆಮ್‌ಟೆಸ್ಟ್86+ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರಾತ್ರಿಯಿಡೀ, ಕನಿಷ್ಠ ನಾಲ್ಕು ಸುತ್ತು. ಆದರೆ ಸರ್ವರ್ ರ‍್ಯಾಮ್ ಇಸಿಸಿ ಇರುವುದರಿಂದ ಒಂದು ಬಿಟ್‌ನ ತಪ್ಪನ್ನು ಅದೇ ತಿದ್ದಿಬಿಡುತ್ತದೆ, ಪರದೆಯ ಮೇಲೆ ಸೊನ್ನೆ ತಪ್ಪು ಕಾಣಬಹುದು. ಆದ್ದರಿಂದ ಪರೀಕ್ಷೆಗೆ ಮೊದಲು ಲಾಗ್‌ನ ಫೋಟೊ ತೆಗೆದಿಡಿ, ಮುಗಿದ ಮೇಲೆ ಹೊಸದಾಗಿ ‘ಕರೆಕ್ಟಬಲ್ ಮೆಮೊರಿ ಎರರ್’ ಬಂದಿದೆಯೇ ನೋಡಿ. ಬಂದಿದ್ದರೆ ಆ ಸ್ಲಾಟಿನ ರ‍್ಯಾಮನ್ನು ಇನ್ನೊಂದರ ಜೊತೆ ಅದಲುಬದಲು ಮಾಡಿ. ದೂರು ರ‍್ಯಾಮ್ ಜೊತೆ ಹೋದರೆ ರ‍್ಯಾಮ್ ಬದಲಿಸಿ ಕೊಡಲು ಕೇಳಿ. ಸ್ಲಾಟಿನಲ್ಲೇ ಉಳಿದರೆ ಸ್ಲಾಟ್, ಪ್ರೊಸೆಸರ್ ಅಥವಾ ಸಾಕೆಟ್ಟಿನ ಬಾಗಿದ ಪಿನ್. ಅಂಥ ಮಷಿನ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.