ಹಾರ್ಮೋನ್ ರಿಪೋರ್ಟ್ ನಾರ್ಮಲ್, ಆದ್ರೂ ನಡುರಾತ್ರಿ ಬೆವರು: ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಮೇಡಂ, ನಮ್ದು ಸಕಲೇಶಪುರದ ಹತ್ರ ಒಂದ್ ಹಳ್ಳಿ, ನಂಗೆ 43. ಮೊದ್ಲೆಲ್ಲ ತಿಂಗಳು ತಿಂಗಳು ಕರೆಕ್ಟಾಗಿ ಮುಟ್ಟಾಗ್ತಿತ್ತು, ಈಗ ಒಂದ್ಸಲ 21 ದಿನಕ್ಕೇ ಆಗುತ್ತೆ, ಇನ್ನೊಂದ್ಸಲ ಒಂದೂವರೆ ತಿಂಗಳಾದ್ರೂ ಸುದ್ದಿ ಇಲ್ಲ. ಕಾಫಿ ಕೊಯ್ಲಿನ ಚಳಿಲಿ ಮನೆಯವ್ರೆಲ್ಲ ಎರಡೆರಡು ರಗ್ಗು ಹೊದ್ದು ಮಲಗಿರ್ತಾರೆ, ನಾನ್ ಮಾತ್ರ ನಡುರಾತ್ರಿ ಎದ್ದು ಕೂತಿರ್ತೀನಿ, ಕತ್ತೆಲ್ಲ ಬೆವರು, ನೈಟಿ ಒದ್ದೆ. ಅತ್ತೆ ಉಷ್ಣ ಆಗಿದೆ ಮಜ್ಜಿಗೆ ಕುಡಿ ಅಂತಾರೆ. ಮಕ್ಕಳ ಮೇಲೆ ಸುಮ್ ಸುಮ್ನೆ ರೇಗಿ ಆಮೇಲೆ ನಾನೇ ಅಳ್ತೀನಿ. ಲ್ಯಾಬಲ್ಲಿ ಹಾರ್ಮೋನ್ ಟೆಸ್ಟ್ ಮಾಡಿಸಿದ್ರೆ ಎಲ್ಲ ನಾರ್ಮಲ್. ಹಂಗಾದ್ರೆ ಇದೇನು?

ಉತ್ತರ: ನೀವು ಬರೆದಿರೋದು ಪೆರಿಮೆನೋಪಾಸ್ ಥರಾನೇ ಇದೆ ಕಣಮ್ಮ, ಅಂದ್ರೆ ಮುಟ್ಟು ಪೂರ್ತಿ ನಿಲ್ಲೋಕೆ ಮುಂಚಿನ ಕೆಲವು ವರ್ಷ. ನಮ್ಮ ದೇಶದ ಹೆಣ್ಮಕ್ಕಳಿಗೆ ಸುಮಾರು 46-47ಕ್ಕೆ ಮುಟ್ಟು ನಿಲ್ಲುತ್ತೆ, ಸೂಚನೆಗಳು ಅದಕ್ಕೂ ನಾಲ್ಕೈದು ವರ್ಷ ಮೊದ್ಲೇ ಶುರುವಾಗಬಹುದು, ಹಾಗಾಗಿ 43 ಅನ್ನೋದು ಬೇಗ ಏನಲ್ಲ. ಟೆಸ್ಟ್ ಯಾಕೆ ನಾರ್ಮಲ್ ಬಂತು ಅಂದ್ರೆ, ಈ ಟೈಮಲ್ಲಿ ಅಂಡಾಶಯ ಒಂದ್ ತಿಂಗಳು ಮೊಟ್ಟೆ ಬಿಡುತ್ತೆ ಇನ್ನೊಂದ್ ತಿಂಗಳು ಬಿಡಲ್ಲ, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಮಳೆಗಾಲದ ನಮ್ಮೂರ ಕರೆಂಟ್ ಥರ ಏರ್ತಾ ಇಳೀತಾ ಇರುತ್ತೆ, ನೀವು ರಕ್ತ ಕೊಟ್ಟ ದಿನ ಸರಿಯಾಗಿತ್ತು ಅಷ್ಟೇ. 45 ದಾಟಿದವರಿಗೆ ಸಾಮಾನ್ಯವಾಗಿ ಈ ಟೆಸ್ಟ್ ಬೇಕೇ ಆಗಲ್ಲ, ಕೇಳಿ ತಿಳ್ಕೊಂಡೇ ಹೇಳಬಹುದು. ನಿಮ್ಮ ವಯಸ್ಸಿಗೆ ಬೇಕಾದ್ರೆ ಮಾಡ್ತಾರೆ. 40ರ ಒಳಗೇ ಮುಟ್ಟು ತಪ್ಪೋಕೆ ಶುರುವಾದ್ರೆ ಮಾತ್ರ ಬಿಡದೆ ಮಾಡಿಸಬೇಕು, ಅದು ಬೇರೆ ತೊಂದರೆ.

ಅದಕ್ಕೇ ನನ್ನ ಪ್ರಕಾರ ರಿಪೋರ್ಟ್‌ಗಿಂತ ಅಡುಗೆಮನೆ ಕ್ಯಾಲೆಂಡರ್ ಹೆಚ್ಚು ಹೇಳುತ್ತೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೀತೀರಲ್ಲ, ಅಲ್ಲೇ ಮುಟ್ಟಾದ ದಿನಕ್ಕೆ ಒಂದು ಗುಂಡು ಹಾಕಿ, ನಿಂತ ದಿನಕ್ಕೆ ಇನ್ನೊಂದು, ಬೆವರು ಬಂದ ರಾತ್ರಿಗೆ ಒಂದು ಗೀಟು. ಎರಡ್ಮೂರು ತಿಂಗಳ ಹಾಳೆ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. ಒಂದು ಮುಟ್ಟಿಗೂ ಮುಂದಿನದಕ್ಕೂ ನಡುವಿನ ಅಂತರ ಪದೇ ಪದೇ 7 ದಿನ ಅಥವಾ ಜಾಸ್ತಿ ಹಿಂದೆ ಮುಂದೆ ಆಗ್ತಿದ್ರೆ ಅದೇ ಮೊದಲ ಗುರುತು. ಕೀಲು ನೋವು, ಎದೆ ಡವಡವ, ಹಾಲು ಒಲೆ ಮೇಲಿಟ್ಟು ಮರೆಯೋದು, ಗಂಡನ ಹತ್ರ ಹೋದ್ರೆ ಉರಿ, ಇವನ್ನೂ ಬರ್ಕೊಳ್ಳಿ. ಕೊನೇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ, ಹೇಳಿದ್ರೆ ಹಚ್ಚೋಕೆ ಒಳ್ಳೆ ಕ್ರೀಮ್ ಇದೆ.

ಎಲ್ಲಾನೂ ಮುಟ್ಟಿನ ತಲೆಗೇ ಕಟ್ಟೋದೂ ಬೇಡ. ಥೈರಾಯ್ಡ್ ಜಾಸ್ತಿಯಾದ್ರೂ ಹಿಂಗೇ ಬೆವರುತ್ತೆ, ಎದೆ ಹೊಡ್ಕೊಳ್ಳುತ್ತೆ. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಯೋದು ಇದ್ರೆ ಟಿಬಿ ಟೆಸ್ಟ್ ಆಗ್ಬೇಕು. ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್, ಬಿಪಿ ನೋಡಿಸಿ, ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿದ್ರೂ ಸಾಕು, ಬೇಕಾದ್ರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಹಿಮ್ಸ್‌ನಲ್ಲಿ ಸ್ತ್ರೀರೋಗ ವಿಭಾಗ ಇದೆ. ಇನ್ನೊಂದು, ಮಕ್ಕಳಾಗದ ಹಾಗೆ ಆಪರೇಷನ್ ಆಗಿಲ್ದಿದ್ರೆ ತಿಂಗಳು ತಪ್ಪಿದಾಗ ಮೊದ್ಲು ಪ್ರೆಗ್ನೆನ್ಸಿ ಕಿಟ್ ತಂದು ನೋಡಿ. ನಗಬೇಡಿ, ಈ ವಯಸ್ಸಲ್ಲೂ ಗರ್ಭ ನಿಲ್ಲುತ್ತೆ. 50ರ ಒಳಗೆ ಮುಟ್ಟು ನಿಂತ್ರೆ ಎರಡು ವರ್ಷದವರೆಗೂ ಮುನ್ನೆಚ್ಚರಿಕೆ ಬೇಕು.

ಮಜ್ಜಿಗೆ ಕುಡೀರಿ, ಅತ್ತೆ ಮಾತಲ್ಲಿ ತಪ್ಪಿಲ್ಲ, ಆದ್ರೆ ಅಷ್ಟಕ್ಕೇ ಬೆವರು ನಿಲ್ಲಲ್ಲ. ಕಾಫಿ ಬೆಳೆಯೋ ಊರಿನವರಿಗೆ ಕಾಫಿ ಬಿಡಿ ಅಂತ ಹೇಳೋ ಧೈರ್ಯ ನಂಗಿಲ್ಲ, ಮಧ್ಯಾಹ್ನದ ಮೇಲೆ ಬೇಡ, ನಿದ್ದೆಗೆ ಒಳ್ಳೇದು. ಬೆವರು, ನಿದ್ದೆಗೇಡು ತಡೆಯೋಕಾಗ್ದಿದ್ರೆ ಹಾರ್ಮೋನ್ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಕೊಡಲ್ಲ, ಅವರಿಗೆ ಹಾರ್ಮೋನ್ ಇಲ್ಲದ ಮಾತ್ರೆ ಇದೆ. ಪಕ್ಕದ ಮನೆಯವರ ಚೀಟಿ ಹಿಡ್ಕೊಂಡು ಮೆಡಿಕಲ್ ಶಾಪಿಗೆ ಮಾತ್ರ ಹೋಗಬೇಡಿ. ಅಳು ನಿಲ್ತಾನೇ ಇಲ್ಲ, ಬದುಕೇ ಬೇಡ ಅನ್ಸಿದ್ರೆ 14416ಗೆ ಫೋನ್ ಮಾಡಿ, ಟೆಲಿ ಮಾನಸ್ ನಂಬರ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿಂದ, ವಯಸ್ಸು 51. ಮುಟ್ಟು ನಿಂತು 14 ತಿಂಗಳಾಗಿತ್ತು, ಹೋದ ವಾರ ಎರಡು ದಿನ ಸ್ವಲ್ಪ ಕಲೆ ಕಾಣಿಸ್ತು. ಮತ್ತೆ ಶುರುವಾಯ್ತಾ?

ಉತ್ತರ: ಇಲ್ಲ. 12 ತಿಂಗಳು ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡ್ರೂ ಅದನ್ನ ಮುಟ್ಟು ಅಂದ್ಕೊಳ್ಳಬಾರದು, ಈ ವಾರವೇ ಹೋಗಿ. ಸ್ಕ್ಯಾನಲ್ಲಿ ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ನೋಡ್ತಾರೆ, ಬೇಕಾದ್ರೆ ಚೂರು ತೆಗೆದು ಟೆಸ್ಟಿಗೆ ಕಳಿಸ್ತಾರೆ. ಹೆಚ್ಚಿನವರಿಗೆ ಕ್ಯಾನ್ಸರ್ ಇರಲ್ಲ, ಇದ್ದವರಿಗೂ ಬೇಗ ಸಿಕ್ರೆ ವಾಸಿಯಾಗೋದೇ ಜಾಸ್ತಿ. ಸಂಬಂಧ ಆದ್ಮೇಲೆ ರಕ್ತ ಬಂದ್ರೂ ಇದೇ ಮಾತು, ಯಾವ ವಯಸ್ಸಾದ್ರೂ ಸರಿ.

ಪ್ರಶ್ನೆ: ಅರಸೀಕೆರೆ ಕಡೆಯಿಂದ ಬರೀತಿದ್ದೀನಿ. ನಮ್ಮ ಮನೆಯವ್ರಿಗೆ 46. ಈಚೆಗೆ ಒಂಬತ್ತು ಹತ್ತು ದಿನ ಹೋಗುತ್ತೆ, ಗಡ್ಡೆ ಗಡ್ಡೆ, ಮೆಟ್ಟಿಲು ಹತ್ತಿದ್ರೆ ಏದುಸಿರು. ಒಂದ್ ಕಡೆ ತೋರಿಸಿದ್ವಿ, ವಯಸ್ಸಾಯ್ತಲ್ಲ ಗರ್ಭಕೋಶ ತೆಗೆಸ್ಬಿಡಿ ಅಂದ್ರು.

ಉತ್ತರ: ತೆಗೆಸಲೇಬೇಕಾದ ಕೇಸ್ ಇರುತ್ತೆ, ಆದ್ರೆ ವಯಸ್ಸಾಯ್ತು ಅನ್ನೋದು ಕಾರಣವೇ ಅಲ್ಲ. ಏದುಸಿರು ಅಂದ್ರಲ್ಲ, ಮೊದ್ಲು ರಕ್ತ ಎಷ್ಟಿದೆ ನೋಡಿಸಿ ಕಬ್ಬಿಣಾಂಶ ಶುರು ಮಾಡಿ, ಅದು ಆಪರೇಷನ್ ಆದ್ರೂ ಬೇಕು ಆಗದಿದ್ರೂ ಬೇಕು. ಆಮೇಲೆ ಸ್ಕ್ಯಾನು, 45 ದಾಟಿರೋದ್ರಿಂದ ಒಳಪದರದ ಬಯಾಪ್ಸಿ, ಅಂದ್ರೆ ಚೂರು ತೆಗೆದು ಟೆಸ್ಟ್ ಮಾಡೋದು. ಗರ್ಭಕೋಶದಲ್ಲಿ ಬೆಳೆಯೋ ಫೈಬ್ರಾಯ್ಡ್ ಗಡ್ಡೆನಾ, ಹಾರ್ಮೋನ್ ಏರುಪೇರಾ ಗೊತ್ತಾಗ್ಲಿ. ರಕ್ತಸ್ರಾವ ಕಮ್ಮಿ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಗರ್ಭಕೋಶದೊಳಗೆ ಹಾಕೋ ಹಾರ್ಮೋನ್ ಕಾಯಿಲ್ ಇದೆ, ಎಷ್ಟೋ ಜನಕ್ಕೆ ಇದರಲ್ಲೇ ಆಪರೇಷನ್ ತಪ್ಪುತ್ತೆ. ಕೊನೆಗೆ ಆಪರೇಷನ್ನೇ ಅಂದ್ರೂ ಅಂಡಾಶಯ ಉಳಿಸ್ತೀರಾ ಅಂತ ಬಾಯಿ ಬಿಟ್ಟು ಕೇಳಿ, ಅದನ್ನೂ ತೆಗೆದ್ರೆ ಒಂದೇ ದಿನದಲ್ಲಿ ಮೆನೋಪಾಸ್, ಮೂಳೆಗೂ ಹೃದಯಕ್ಕೂ ಹೊಡೆತ. ಎರಡನೇ ಡಾಕ್ಟರ ಹತ್ರ ಹೋಗುವಾಗ ಹಳೇ ಸ್ಕ್ಯಾನ್ ರಿಪೋರ್ಟ್, ಚೀಟಿ ಎಲ್ಲ ಇಸ್ಕೊಂಡ್ ಹೋಗಿ, ಬೇಜಾರ್ ಮಾಡ್ಕೋತಾರೆ ಅಂತ ಸಂಕೋಚ ಬೇಡ. ಗಂಟೆಗೊಂದು ಪ್ಯಾಡ್ ತುಂಬ್ತಿದ್ರೆ, ತಲೆ ಸುತ್ತಿ ಬೀಳೋ ಹಂಗಾದ್ರೆ ಅಪಾಯಿಂಟ್ಮೆಂಟ್ ಕಾಯ್ಬೇಡಿ, ಅವತ್ತೇ 108ಗೆ ಫೋನ್ ಮಾಡಿ.