ಸಿಂಡಿಕೇಟ್ ತೀರ್ಮಾನಿಸಿದೆ, ಆದೇಶ ಎಲ್ಲಿದೆ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ವಿಶ್ವವಿದ್ಯಾಲಯವೊಂದರ ಸಿಂಡಿಕೇಟ್ (ಆಡಳಿತದ ತೀರ್ಮಾನ ಕೈಗೊಳ್ಳುವ ಮಂಡಳಿ) ವಿಭಾಗದಲ್ಲಿ ಅಧೀಕ್ಷಕರಾಗಿದ್ದು ನಿವೃತ್ತರಾದ, ಕಲಬುರಗಿಯಲ್ಲಿ ನೆಲೆಸಿರುವ ಹಿರಿಯರು.

ಪ್ರಶ್ನೆ: ನನ್ನ ಬಿ.ಕಾಂ. ಪದವಿಗೆ ಒಂದೇ ವಿಷಯ ಬಾಕಿ ಇದೆ, ಅವಧಿ ಮೀರಿದೆ. ಈಗ ಕಲಬುರಗಿಯ ಬೇಳೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಳೆಯ ಪಠ್ಯಕ್ರಮದವರಿಗೆ ಇನ್ನೊಂದು ಅವಕಾಶ ಕೊಡಲು ಸಿಂಡಿಕೇಟ್ ಒಪ್ಪಿದೆ ಎಂಬ ಪತ್ರಿಕೆಯ ತುಣುಕು ವಾಟ್ಸಾಪ್‌ನಲ್ಲಿ ಬಂತು. ಪರೀಕ್ಷಾ ವಿಭಾಗದಲ್ಲಿ ‘ನಮಗೆ ಏನೂ ಬಂದಿಲ್ಲ’ ಎನ್ನುತ್ತಾರೆ. ರಜೆ ಹಾಕಿ ಮೂರು ಸಲ ಹೋಗಿಬಂದೆ. ಯಾರ ಮಾತು ಸುಳ್ಳು ಸರ್?
– ಹೆಸರು ಬೇಡ, ಚಿತ್ತಾಪುರ

ಉತ್ತರ: ತಮ್ಮಾ, ಎರಡೂ ಮಾತು ನಿಜವಿರಬಹುದು. ಸಿಂಡಿಕೇಟ್ ಸಭೆಯ ಮೇಜಿನಿಂದ ಪರೀಕ್ಷಾ ವಿಭಾಗದ ಕಿಟಕಿಗೆ ಒಂದು ಕಾಗದ ಬಂದು ಮುಟ್ಟುವ ದಾರಿ ಉದ್ದವಾದುದು. ಸಭೆಯಲ್ಲಿ ಕುಲಪತಿಗಳು ಅಧ್ಯಕ್ಷರು, ಕುಲಸಚಿವರು ಕಾರ್ಯದರ್ಶಿ. ಸರ್ಕಾರ ಮತ್ತು ಕುಲಾಧಿಪತಿಗಳಾದ ರಾಜ್ಯಪಾಲರು ನಾಮನಿರ್ದೇಶನ ಮಾಡಿದ ಸದಸ್ಯರೂ ಇರುತ್ತಾರೆ. ಸಭೆ ಮುಗಿದ ಮೇಲೆ ನಡಾವಳಿ, ಅಂದರೆ ಸಭೆಯ ತೀರ್ಮಾನಗಳ ದಾಖಲೆ, ಬರೆಯಬೇಕು, ಅಧ್ಯಕ್ಷರ ಸಹಿ ಆಗಬೇಕು, ಆಯಾ ವಿಷಯದ ಭಾಗವನ್ನಷ್ಟೇ ತೆಗೆದು ಸಂಬಂಧಿಸಿದ ವಿಭಾಗಕ್ಕೆ ಕಳಿಸಬೇಕು. ಆ ವಿಭಾಗ ಕಡತ ಮಂಡಿಸಿ ಸುತ್ತೋಲೆ ಹೊರಡಿಸಿದರೆ ಮಾತ್ರ ಕಿಟಕಿಯಲ್ಲಿ ಕುಳಿತ ಗುಮಾಸ್ತ ನಿಮ್ಮ ಅರ್ಜಿಯನ್ನು ತೆಗೆದುಕೊಳ್ಳಬಲ್ಲ. ಅವನ ಮೇಲೆ ಸಿಟ್ಟಾಗಬೇಡಿ.

ನಾನು ಸೇವೆಯಲ್ಲಿದ್ದಾಗ ಚಿಂಚೋಳಿ ಕಡೆಯ ಒಬ್ಬ ತಾಯಿ ಮಗನ ಇಂಥದೇ ಕೆಲಸಕ್ಕೆ ನಾಲ್ಕು ಸಲ ಬಂದರು. ಬುತ್ತಿ ಕಟ್ಟಿಕೊಂಡು ಬಂದು, ಬೇವಿನ ಮರದ ಕೆಳಗೆ ಕುಳಿತು ರೊಟ್ಟಿ ತಿಂದು, ಮಧ್ಯಾಹ್ನ ಕಿಟಕಿ ತೆರೆಯುವುದನ್ನು ಕಾಯುತ್ತಿದ್ದರು. ನಡಾವಳಿಗೆ ಸಹಿ ಬಿದ್ದು ಹತ್ತೊಂಬತ್ತು ದಿನವಾಗಿತ್ತು. ಪರೀಕ್ಷಾ ವಿಭಾಗಕ್ಕೆ ಹೋಗಬೇಕಾದ ಪ್ರತಿ ನನ್ನ ಮೇಜಿನ ಮೇಲೆಯೇ, ಬೇರೆ ಕಡತಗಳ ಅಡಿಯಲ್ಲಿತ್ತು. ಐದನೆಯ ಸಲ ಅವರು ಬರುವ ಹೊತ್ತಿಗೆ ಪರೀಕ್ಷಾ ಅರ್ಜಿಯ ಕೊನೆಯ ದಿನ ದಾಟಿತ್ತು. ಹುಡುಗನ ಆರು ತಿಂಗಳು ಹೋಯಿತು. ಆಮೇಲೆ, ಸಹಿಯಾದ ದಿನವೇ ಪ್ರತಿಗಳನ್ನು ಕಳಿಸದೆ ನಾನು ಮನೆಗೆ ಹೋದದ್ದಿಲ್ಲ.

ಇನ್ನೊಂದು ಸಂಗತಿ, ಇದು ಮುಖ್ಯವಾದುದು. ಪತ್ರಿಕೆಯಲ್ಲಿ ‘ಸಿಂಡಿಕೇಟ್ ಒಪ್ಪಿಗೆ’ ಎಂದು ಬರುವುದೆಲ್ಲ ಒಪ್ಪಿಗೆಯಲ್ಲ. ನಡಾವಳಿಯ ಕೊನೆಯ ಸಾಲನ್ನು ಓದಬೇಕು. ‘ಅನುಮೋದಿಸಲಾಯಿತು’ ಎಂದಿದ್ದರೆ ಕೆಲಸವಾಯಿತು. ‘ತಾತ್ವಿಕವಾಗಿ ಒಪ್ಪಲಾಯಿತು’ ಎಂದಿದ್ದರೆ ಇನ್ನೂ ಯಾರೋ ಲೆಕ್ಕ ಹಾಕಬೇಕು. ‘ಪರಿಶೀಲಿಸಲು ಸಮಿತಿ ರಚಿಸಲಾಯಿತು’ ಎಂದರೆ ಮುಂದಿನ ಸಭೆಯವರೆಗಂತೂ ಏನೂ ಆಗದು. ‘ಗಮನಿಸಲಾಯಿತು’ ಎಂದರೆ ಕೇಳಿಸಿಕೊಂಡರು ಎಂದಷ್ಟೇ ಅರ್ಥ. ನಿಮ್ಮದು ಪಠ್ಯ ಮತ್ತು ಪರೀಕ್ಷೆಯ ವಿಷಯವಾದ್ದರಿಂದ ವಿದ್ಯಾವಿಷಯಕ ಪರಿಷತ್ತಿನ ಮುಂದೆಯೂ ಹೋಗಿರಬಹುದು. ತುರ್ತಿದ್ದರೆ ಕುಲಪತಿಗಳೇ ಮೊದಲು ಕ್ರಮ ಕೈಗೊಂಡು, ಆಮೇಲೆ ಸಭೆಯಿಂದ ಘಟನೋತ್ತರ ಅನುಮೋದನೆ ಪಡೆಯುವುದೂ ಉಂಟು. ಆದ್ದರಿಂದ ‘ತೀರ್ಮಾನ ಆಗಿದೆಯೇ’ ಎಂದು ಕೇಳುತ್ತಾ ಅಲೆಯಬೇಡಿ. ಸಭೆಯ ದಿನಾಂಕ, ವಿಷಯ ಸಂಖ್ಯೆ, ತೀರ್ಮಾನದ ಸಾಲು, ಈ ಮೂರನ್ನು ಕೇಳಿ.

ಮೊದಲು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನಡಾವಳಿ ಇದೆಯೇ ನೋಡಿ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಕಲಮಿನ ಪ್ರಕಾರ ಇಂಥ ಮಂಡಳಿಗಳ ನಡಾವಳಿ ಸಾರ್ವಜನಿಕರಿಗೆ ಸಿಗುತ್ತದೆಯೇ ಎಂಬುದನ್ನು ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕು. ಜಾಲತಾಣದಲ್ಲಿ ಇಲ್ಲದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಬಿಪಿಎಲ್ ಕುಟುಂಬದವರಾದರೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಿಮಗೆ ಎರಡು ಸಾಲು ಸಾಕು: ‘ಹಳೆಯ ಪಠ್ಯಕ್ರಮದ ಬಿ.ಕಾಂ. ವಿದ್ಯಾರ್ಥಿಗಳಿಗೆ ಹೆಚ್ಚುವರಿ ಅವಕಾಶ ನೀಡುವ ವಿಷಯದಲ್ಲಿ ಸಿಂಡಿಕೇಟ್ ಸಭೆಯ ನಡಾವಳಿಯ ಪ್ರತಿ ಹಾಗೂ ಅದರ ಮೇಲೆ ಕೈಗೊಂಡ ಕ್ರಮದ ವರದಿಯ ಪ್ರತಿ ನೀಡಿ.’ ಏಕೆ ತಡ ಮಾಡಿದಿರಿ ಎಂದು ಅದರಲ್ಲಿ ಕೇಳಬೇಡಿ. ಕಾರಣ ಹೇಳುವ ಬಾಧ್ಯತೆ ಅವರಿಗಿಲ್ಲ, ಇರುವ ದಾಖಲೆ ಕೊಡುವ ಬಾಧ್ಯತೆ ಇದೆ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಲ್ಲಿಯೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲಿಯೇ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ.

ಅರ್ಜಿ ಹಾಕಿ ಸುಮ್ಮನೆ ಕೂರಬೇಡಿ. ಕಾಲೇಜಿನ ಸೂಚನಾ ಫಲಕವನ್ನು ನೋಡಿ ಹೇಳಲು ಒಬ್ಬ ಗೆಳೆಯನಿಗೆ ಒಪ್ಪಿಸಿ. ಸುತ್ತೋಲೆ ಬಂದರೆ ದಂಡವಿಲ್ಲದೆ ಶುಲ್ಕ ಕಟ್ಟುವ ದಿನಗಳು ಬಹಳ ಕಡಿಮೆ ಇರುತ್ತವೆ.

ಪ್ರಶ್ನೆ: ಮಗಳು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಮಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಾರೆ. ಎರಡೂ ಕಡೆ ಸಿಂಡಿಕೇಟ್ ಎಂಬ ಮಾತೇ ಕೇಳಿಸುವುದಿಲ್ಲವಲ್ಲ?
– ಓದುಗ ತಾಯಿ, ಹುಮನಾಬಾದ್

ಉತ್ತರ: ಹೆಸರು ಬೇರೆ, ತಾಯಿ. ಕಡಗಂಚಿಯದು 2009ರ ಕೇಂದ್ರದ ಕಾಯ್ದೆಯಿಂದ ಹುಟ್ಟಿದ್ದು. ಅಲ್ಲಿ ಕಾರ್ಯಕಾರಿ ಪರಿಷತ್ತು ತೀರ್ಮಾನಿಸುತ್ತದೆ. ಬೀದರಿನಲ್ಲಿ ವ್ಯವಸ್ಥಾಪನಾ ಮಂಡಳಿ ಇದೆ. ಒಂದು ವ್ಯತ್ಯಾಸವನ್ನು ನೆನಪಿಡಿ: ಮಾಹಿತಿ ಹಕ್ಕಿನ ಎರಡನೆಯ ಮೇಲ್ಮನವಿ ಕಡಗಂಚಿಯ ವಿಷಯದಲ್ಲಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗುತ್ತದೆ, ಬೀದರಿನ ವಿಷಯದಲ್ಲಿ ರಾಜ್ಯ ಆಯೋಗಕ್ಕೆ.

ಪ್ರಶ್ನೆ: 2012ರಲ್ಲಿ ಯಾದಗಿರಿಯಲ್ಲಿ ಬಿ.ಎ. ಮುಗಿಸಿದೆ. ಅಂಕಪಟ್ಟಿ ಕಳೆದುಹೋಗಿದೆ. ಈಗ ನಮ್ಮ ಜಿಲ್ಲೆ ರಾಯಚೂರು ವಿಶ್ವವಿದ್ಯಾಲಯಕ್ಕೆ ಸೇರಿದೆ. ಕಲಬುರಗಿ ಸಿಂಡಿಕೇಟ್ ನಮ್ಮನ್ನು ಬಿಟ್ಟುಕೊಟ್ಟಿತೇ? ಎಲ್ಲಿಗೆ ಹೋಗಲಿ?
– ಅಂಗನವಾಡಿ ಕಾರ್ಯಕರ್ತೆ, ಶಹಾಪುರ

ಉತ್ತರ: ಬಿಟ್ಟುಕೊಡುವ ಅಧಿಕಾರ ಸಿಂಡಿಕೇಟ್‌ಗೆ ಇಲ್ಲ ತಂಗಿ. ಯಾವ ಜಿಲ್ಲೆ ಯಾವ ವಿಶ್ವವಿದ್ಯಾಲಯಕ್ಕೆ ಎಂಬುದನ್ನು ಶಾಸನಸಭೆ ಕಾಯ್ದೆಯ ಮೂಲಕ ತೀರ್ಮಾನಿಸುತ್ತದೆ. ಗುಲ್ಬರ್ಗ ವಿಶ್ವವಿದ್ಯಾಲಯವೂ 1980ರಲ್ಲಿ ಹಾಗೆಯೇ ಹುಟ್ಟಿತು. ಅದಕ್ಕೂ ಮೊದಲು ಇಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ನಮ್ಮ ದೊಡ್ಡಪ್ಪನ ಪದವಿ ಪತ್ರದ ಮೇಲೆ ಧಾರವಾಡದ ಮುದ್ರೆಯಿದೆ. ಅದು ಕಳೆದಿದ್ದರೆ ಅವರು ಧಾರವಾಡಕ್ಕೇ ಹೋಗಬೇಕಿತ್ತು. ನಿಮ್ಮ ಪದವಿಯ ಮೇಲಿರುವುದು ಕಲಬುರಗಿಯ ಮುದ್ರೆ. ಪೊಲೀಸ್ ಠಾಣೆಯಲ್ಲಿ ಕಳೆದುಹೋದ ಬಗ್ಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಓದಿದ ಕಾಲೇಜಿನಲ್ಲಿ ನೋಂದಣಿ ಸಂಖ್ಯೆಯನ್ನು ಬರೆಸಿಕೊಳ್ಳಿ. ಎರಡನ್ನೂ ಹಿಡಿದು ಕಲಬುರಗಿಯ ವಿಶ್ವವಿದ್ಯಾಲಯದ ಆವರಣವಾದ ಜ್ಞಾನಗಂಗೆಯ ಪರೀಕ್ಷಾ ವಿಭಾಗಕ್ಕೆ ಹೋಗಿ, ಬೆಳಿಗ್ಗೆ ಕಿಟಕಿ ತೆರೆಯುವ ಹೊತ್ತಿಗೆ ಅಲ್ಲಿರಿ.